ಮೂಕ ಗಣಕವೂ ಅವ್ವನ ಪದಗಳೂ

ಮನೆಯ ಹಿರಿಯರ ಮುಖವನ್ನು ಉಳಿಸಿಕೊಳ್ಳುವುದರಲ್ಲಿ ನಮ್ಮ ಗೃಹಸ್ಥರು ತೋರುವ ಶ್ರದ್ಧೆಯನ್ನು ಅವರ ಕಂಠವನ್ನು ಉಳಿಸಿಕೊಳ್ಳುವುದರಲ್ಲಿ ತೋರುವುದಿಲ್ಲವೆಂಬುದು ನಮ್ಮ ಬಹುದಿನದ ಅನುಭವ. ನಡುಮನೆಯ ಗೋಡೆಯಲ್ಲಿ ತಾತನ ಪಟಕ್ಕೆ ಗಂಧದ ಹಾರ ಹಾಕಿರುತ್ತದೆ. ಆದರೆ ಆ ತಾತನು ಯಾವ ಸ್ವರದಲ್ಲಿ ಮಕ್ಕಳನ್ನು ಕರೆಯುತ್ತಿದ್ದನೆಂಬುದನ್ನು ಬಲ್ಲವರು ಒಬ್ಬೊಬ್ಬರಾಗಿ ತೀರಿಕೊಂಡ ಮೇಲೆ ಆ ಸ್ವರವೂ ತೀರಿಹೋಗುತ್ತದೆ. ಒಂದು ಕಾಲಕ್ಕೆ ಇದಕ್ಕೆ ಉಪಾಯವಿರಲಿಲ್ಲ. ಈಗ ಉಂಟು, ಅದೂ ಅಲ್ಪವೆಚ್ಚದಲ್ಲಿ ಉಂಟು. ಈ ತಿಂಗಳ ಬರಹಕ್ಕೆ ಆ ಉಪಾಯವೇ ವಿಷಯ.

ಕಳೆದ ತಿಂಗಳು ಚನ್ನಪಟ್ಟಣದ ಕಡೆಯ ಗೃಹಸ್ಥರೊಬ್ಬರಿಂದ ನಮಗೊಂದು ಕಾಗದ ಬಂದಿತು. ಅವರದು ಅರಗಿನ ಬಣ್ಣದ ಮರದ ಬೊಂಬೆಗಳನ್ನು ಮಾಡುವ ಮನೆತನ. ಅವರ ತಾಯಿಯವರು ಸೋಬಾನೆಯ ಪದಗಳನ್ನೂ ಬೀಸುವ ಪದಗಳನ್ನೂ ಹೇಳುವುದರಲ್ಲಿ ಸುತ್ತಣ ಹಳ್ಳಿಗಳಲ್ಲಿ ಹೆಸರಾಗಿದ್ದವರು. ೧೯೮೯ರಲ್ಲಿ, ಮನೆಯ ಹಿರಿಯ ಮಗಳ ಮದುವೆಗೆ ಕೆಲವು ದಿನಗಳ ಮುಂಚೆ, ನೆರೆಮನೆಯಿಂದ ಎರವಲು ತಂದ ಟೇಪ್ ಯಂತ್ರದಲ್ಲಿ ಆಕೆಯ ಪದಗಳನ್ನು ಒಂದು ಕ್ಯಾಸೆಟ್ಟಿಗೆ ತುಂಬಿಸಿಟ್ಟಿದ್ದರು. ಆ ತಾಯಿ ಈಗಿಲ್ಲ. ಕ್ಯಾಸೆಟ್ಟಿನ ಪ್ರತಿಯೂ ಒಂದೇ. ಬರುವ ಮಾಘದಲ್ಲಿ ಮೊಮ್ಮಗಳ ಮದುವೆ ನಿಶ್ಚಯವಾಗಿದೆ; ಬೀಗರು ಮಾಗಡಿಯವರು. "ಹುಡುಗಿ ಹಸೆಯ ಮೇಲೆ ಕುಳಿತಾಗ ಅವ್ವನ ದನಿ ಕೇಳಿಸಬೇಕೆಂಬುದು ನಮ್ಮೆಲ್ಲರ ಆಸೆ. ಕಿರಿಯ ಮಗಳು ಹಳೆಯ ಗಣಕಕ್ಕೆ ಲಿನಕ್ಸ್ ಹಾಕಿದ್ದಾಳೆ. ಅದು ಉಳಿದ ಕೆಲಸವನ್ನೆಲ್ಲ ಮಾಡುತ್ತದೆ, ದನಿ ಮಾತ್ರ ಹೊರಡದು. ಕ್ಯಾಸೆಟ್ಟನ್ನು ಮತ್ತೆ ಮತ್ತೆ ಹಾಕಿ ನೋಡಲು ಭಯವಾಗುತ್ತದೆ. ತಾವು ಒಮ್ಮೆ ಬಂದು ನೋಡಬಹುದೇ?" ಎಂದು ಬರೆದಿದ್ದರು. ಇಂತಹ ಕಾಗದಕ್ಕೆ ಅಂಚೆಯ ಮೂಲಕ ಉತ್ತರ ಹೇಳುವುದು ಸಾಲದೆಂದು ತೋರಿ, ನಾವೇ ಹೊರಟೆವು.

ದಾರಿಯಲ್ಲಿ ರಾಮನಗರದ ಬಳಿ, ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯ ಪಕ್ಕದಲ್ಲಿ, ಜಾನಪದ ಲೋಕವು ಕಾಣಿಸಿತು. ಎಚ್. ಎಲ್. ನಾಗೇಗೌಡರು ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದವರು. ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ೧೯೯೪ರಲ್ಲಿ ಈ ಲೋಕವನ್ನು ತೆರೆದರು. ಹಳ್ಳಿಗರ ಹಾಡುಗಳನ್ನು ಹಾಡುವವರ ಕಂಠದಿಂದಲೇ ಧ್ವನಿಮುದ್ರಿಸಿಕೊಳ್ಳುವುದಕ್ಕೆ ಅವರು ಬಹಳ ಶ್ರಮಪಟ್ಟರು. ಹಾಡಿದವರು ಹೋದರೂ ಹಾಡು ಉಳಿದುದು ಆ ಶ್ರಮದ ಫಲ. ಹೀಗೆ ಒಂದು ನಾಡಿಗಾಗಿ ಅವರು ಮಾಡಿದುದನ್ನು ಒಂದು ಮನೆಗಾಗಿ ಮನೆಯವರು ಮಾಡಲಾರರೇ ಎಂದುಕೊಳ್ಳುತ್ತ ಮುಂದೆ ಸಾಗಿದೆವು.

ಮೊದಲು ಗಣಕದ ವಿಚಾರವನ್ನು ಹೇಳಬೇಕು. ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿದ ಮೇಲೆ, ಮುಂದಿನ ಆವೃತ್ತಿಗೆ ಒಗ್ಗದ ಹಳೆಯ ಯಂತ್ರಗಳು ಅನೇಕ ಮನೆಗಳಲ್ಲಿ ಮೂಲೆಗೆ ಬಿದ್ದಿವೆ. ಇಂತಹವುಗಳಿಗೆ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಹಾಕಿ ಇನ್ನೂ ಕೆಲವು ವರ್ಷ ದುಡಿಸಿಕೊಳ್ಳಬಹುದು. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಹುಟ್ಟಿಸಿದ ಯೂನಿಕ್ಸ್ ವ್ಯವಸ್ಥೆಯ ರೀತಿಯನ್ನು ಅನುಸರಿಸಿ, ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬವರು ಇದರ ತಿರುಳನ್ನು ಬರೆದರು. ಇದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಪಡೆದು, ನೋಡಿ, ತಿದ್ದಿ, ಹಂಚಬಹುದು. ಆದರೆ ಒಬ್ಬನೇ ಯಜಮಾನನಿಲ್ಲದ ಮನೆಯಂತೆ ಇಲ್ಲಿ ಒಂದೊಂದು ಕೆಲಸವನ್ನು ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ಮಾಡಿಟ್ಟಿರುವುದರಿಂದ, ಧ್ವನಿಯಂತಹ ಸೂಕ್ಷ್ಮ ವಿಷಯದಲ್ಲಿ ಹೊಸಬರು ಗಾಬರಿಯಾಗುವುದುಂಟು.

ಈ ಪದರಗಳನ್ನು ತಿಳಿಯುವುದಕ್ಕೆ ರಾಮನಗರದವರಿಗೆ ದೂರ ಹೋಗಬೇಕಾದುದಿಲ್ಲ. ರೇಷ್ಮೆಯ ನೂಲು ಬಿಚ್ಚುವ ಮನೆಗೆ ಹೋದರೆ ಸಾಕು. ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ತೇಲುತ್ತಿರುತ್ತವೆ. ಕೆಲಸದವರು ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲಾಗಿ ರಾಟೆಗೆ ಏರಿಸುತ್ತಾರೆ. ಗಣಕದಲ್ಲಿಯೂ ಹಾಗೆಯೇ. ಹಾಡು ನುಡಿಸುವ ತಂತ್ರಾಂಶ, ಚಲನಚಿತ್ರ ತೋರಿಸುವ ತಂತ್ರಾಂಶ, ದೂರವಾಣಿಯ ಕರೆ, ಇವೆಲ್ಲ ಬೇರೆ ಬೇರೆ ಗೂಡುಗಳು. ಅವುಗಳ ಎಳೆಗಳನ್ನು ಕೂಡಿಸಿ ಒಂದು ಪ್ರವಾಹವಾಗಿ ಮಾಡುವ ಕೆಲಸದವನು ಈಗಿನ ಲಿನಕ್ಸಿನಲ್ಲಿ ಪೈಪ್‌ವೈರ್. ಕೊನೆಗೆ ಆ ನೂಲನ್ನು ಸುತ್ತಿಕೊಳ್ಳುವ ರಾಟೆ, ಎಂದರೆ ಧ್ವನಿಯ ಯಂತ್ರಾಂಶವನ್ನು ನೇರವಾಗಿ ಮುಟ್ಟುವ ಭಾಗ, ಅಲ್ಸಾ.

ಅಲ್ಸಾ ೨೦೦೩ರ ವೇಳೆಗೆ ಲಿನಕ್ಸಿನ ತಿರುಳಿನೊಳಗೆ ಸೇರಿತು. ಕೂಡಿಸುವ ಕೆಲಸವನ್ನು ೨೦೦೪ರಲ್ಲಿ ಹುಟ್ಟಿದ ಪಲ್ಸ್‌ಆಡಿಯೋ ಬಹುಕಾಲ ಮಾಡಿತು. ಸಂಗೀತಗಾರರ ಬಿಗಿಯಾದ ಕಾಲಮಾನಕ್ಕೆಂದು ಪಾಲ್ ಡೇವಿಸ್ ಎಂಬವರು ಅದಕ್ಕೂ ಮುಂಚೆಯೇ ಜ್ಯಾಕ್ ಎಂಬ ಬೇರೊಂದನ್ನು ಮಾಡಿದ್ದರು. ಇವೆರಡೂ ಒಂದೇ ಯಂತ್ರದಲ್ಲಿ ಸವತಿಯರಂತೆ ಜಗಳವಾಡುತ್ತಿದ್ದ ಕಾಲವನ್ನು ನಾವು ಬಲ್ಲೆವು. ವಿಮ್ ಟೇಮನ್ಸ್ ಎಂಬವರು ಆರಂಭಿಸಿದ ಪೈಪ್‌ವೈರ್ ಎರಡರ ಕೆಲಸವನ್ನೂ ತಾನೇ ವಹಿಸಿಕೊಂಡಿತು, ಅದರ ೧.೦ ಆವೃತ್ತಿ ೨೦೨೩ರ ನವೆಂಬರಿನಲ್ಲಿ ಹೊರಬಂದಿತು. ಆದುದರಿಂದ ಈಗ ಲಿನಕ್ಸ್ ಹಾಕುವ ಗೃಹಸ್ಥರು ಹೊಸ ಆವೃತ್ತಿಯನ್ನೇ ಹಾಕುವುದು ಒಳ್ಳೆಯದು. ಅರ್ಧ ತೊಂದರೆ ಅಲ್ಲಿಯೇ ತಪ್ಪುತ್ತದೆ.

ಇನ್ನು ನಡೆದುದನ್ನು ಹೇಳುವೆವು. ಮನೆಯನ್ನು ತಲುಪಿದಾಗ ಬೆಳಗ್ಗೆ ಹತ್ತು ಗಂಟೆ. ಕನಕಪುರದಲ್ಲಿರುವ ಗೃಹಸ್ಥರ ಅಕ್ಕನವರು ತಮ್ಮ ಮನೆಯ ಟೇಪ್ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಆಗಲೇ ಬಂದಿದ್ದರು. ನಾವು ಗಣಕದ ಮುಂದೆ ಕುಳಿತು, ನಮ್ಮ ಜಾಣತನದ ಮೇಲೆ ಅತಿಯಾದ ನಂಬಿಕೆಯಿಟ್ಟು, ಧ್ವನಿಯ ತಂತ್ರಾಂಶಗಳನ್ನೆಲ್ಲ ತೆಗೆದು ಮತ್ತೆ ಹಾಕಿದೆವು. ಒಂದು ಗಂಟೆ ಕಳೆಯಿತು. ಗಣಕವು ಹಾಗೆಯೇ ಮೂಕವಾಗಿತ್ತು. ತಪ್ಪು ನಮ್ಮದೇ. ಮೇಲಿನ ಪದರವನ್ನು ಕೆದಕುವುದಕ್ಕೆ ಮುಂಚೆ ತಳದಿಂದ ಪರೀಕ್ಷಿಸುತ್ತ ಬರಬೇಕೆಂಬ ಮೊದಲ ಪಾಠವನ್ನು ನಾವೇ ಮರೆತಿದ್ದೆವು. ವಾಚಕರು ಹಾಗೆ ಮಾಡದಿರಲೆಂದು ಸರಿಯಾದ ಕ್ರಮವನ್ನು ಇಲ್ಲಿ ಬರೆಯುತ್ತೇವೆ.

ಮೊದಲನೆಯದು, ಯಂತ್ರಾಂಶವನ್ನು ವ್ಯವಸ್ಥೆಯು ಗುರುತಿಸಿದೆಯೇ ಎಂಬುದು. ಆಜ್ಞೆಗಳನ್ನು ಬರೆಯುವ ಟರ್ಮಿನಲ್ ಕಿಟಕಿಯನ್ನು ತೆರೆದು, ಎಪ್ಲೇ ಎಂಬ ಪದವನ್ನೂ, ತೆರಪು ಬಿಟ್ಟು ಅಡ್ಡಗೆರೆಯೊಡನೆ ಸಣ್ಣ ಎಲ್ ಅಕ್ಷರವನ್ನೂ ಬರೆದರೆ, ಧ್ವನಿಯ ಕಾರ್ಡುಗಳ ಪಟ್ಟಿ ಬರುತ್ತದೆ. ಪಟ್ಟಿಯೇ ಬರದಿದ್ದರೆ ಚಾಲಕ ತಂತ್ರಾಂಶವಾಗಲಿ, ಸೋಫ್ ಮೊದಲಾದ ಹೆಸರಿನ ಫರ್ಮ್‌ವೇರ್ ಆಗಲಿ ಇಲ್ಲವೆಂದು ಅರ್ಥ, ಅದನ್ನು ತರಿಸಿಕೊಳ್ಳಬೇಕು. ಈ ಮನೆಯಲ್ಲಿ ಪಟ್ಟಿ ಬಂದಿತು. ಅದರಲ್ಲಿ ಎರಡು ಕಾರ್ಡುಗಳಿದ್ದವು: ಟೆಲಿವಿಷನ್ನಿಗೆ ತಂತಿಯ ಮೂಲಕ ದನಿಯನ್ನು ಒಯ್ಯುವ ಎಚ್‌ಡಿಎಂಐ ಒಂದು, ಗಣಕದ ಸ್ವಂತ ಸ್ಪೀಕರಿನದು ಇನ್ನೊಂದು.

ಎರಡನೆಯದು, ದ್ವಾರವು ಮುಚ್ಚಿದೆಯೇ ಎಂಬುದು. ಅಲ್ಸಾಮಿಕ್ಸರ್ ಎಂಬ ಆಜ್ಞೆಯನ್ನು ಕೊಟ್ಟರೆ ಕಂಬಗಳ ಸಾಲು ಕಾಣುತ್ತದೆ. ಎಫ್೬ ಗುಂಡಿಯಿಂದ ಕಾರ್ಡನ್ನು ಆರಿಸಿಕೊಳ್ಳಬೇಕು. ಕಂಬದ ಕೆಳಗೆ ಜೋಡಿ ಎಮ್ ಅಕ್ಷರಗಳಿದ್ದರೆ ಅದು ಮೂಕವೆಂದು ತಿಳಿಯತಕ್ಕದ್ದು. ಎಮ್ ಗುಂಡಿಯನ್ನು ಒಮ್ಮೆ ಒತ್ತಿದರೆ ಬಾಯಿ ತೆರೆಯುತ್ತದೆ. ಇಲ್ಲಿ ಸ್ಪೀಕರಿನ ಕಂಬಕ್ಕೆ ಆ ಗುರುತಿತ್ತು.

ಮೂರನೆಯದು, ನೂಲು ಯಾವ ರಾಟೆಗೆ ಹೋಗುತ್ತಿದೆ ಎಂಬುದು. ಪಾವುಕಂಟ್ರೋಲ್ ಎಂಬ ಕಿರುತಂತ್ರಾಂಶವನ್ನು ತೆರೆದು ನೋಡಿದರೆ, ದನಿಯೆಲ್ಲ ಎಚ್‌ಡಿಎಂಐ ದಾರಿಯನ್ನು ಹಿಡಿದು, ಅಲ್ಲಿಲ್ಲದ ಟೆಲಿವಿಷನ್ನಿಗೆ ಹರಿದುಹೋಗುತ್ತಿತ್ತು! ಸ್ವಂತ ಸ್ಪೀಕರನ್ನು ಮುಖ್ಯ ದಾರಿಯೆಂದು ಗುರುತುಮಾಡಿದೆವು. ಕೂಡಲೇ ಗಣಕವು ಘಂಟೆಯ ಸದ್ದು ಮಾಡಿತು. ಕಿರಿಯ ಮಗಳು, "ಇಷ್ಟಕ್ಕೇ ಎರಡು ವಾರ ಒದ್ದಾಡಿದೆನಲ್ಲಾ!" ಎಂದಳು. ನಾವು ಒಂದು ಗಂಟೆ ಒದ್ದಾಡಿದ್ದನ್ನು ಅವಳು ಸೌಜನ್ಯದಿಂದ ಹೇಳಲಿಲ್ಲ.

ದನಿ ಹೊರಡುವುದು ಒಂದು, ದನಿ ಒಳಬರುವುದು ಇನ್ನೊಂದು. ಟೇಪ್ ಯಂತ್ರದ ತಂತಿಯನ್ನು ಗಣಕದ ಮೈಕಿನ ತೂತಿಗೆ ಚುಚ್ಚಿದರೆ ಆಯಿತೆಂದು ಅನೇಕರು ತಿಳಿಯುತ್ತಾರೆ. ಆ ತೂತು ಮೈಕಿನ ಕ್ಷೀಣ ಸಂಕೇತಕ್ಕಾಗಿ ಮಾಡಿದುದು. ಟೇಪ್ ಯಂತ್ರದ ಬಲವಾದ ಸಂಕೇತವು ಅಲ್ಲಿ ಒಡೆದು ಕರ್ಕಶವಾಗುತ್ತದೆ. ಲೈನ್ ಪ್ರವೇಶವಿರುವ ಒಂದು ಸಣ್ಣ ಯುಎಸ್‌ಬಿ ಧ್ವನಿಪೆಟ್ಟಿಗೆಯನ್ನು ಕೊಳ್ಳುವುದೇ ಸರಿಯಾದ ಮಾರ್ಗ. ಅಂತಹ ಸಾಮಾನ್ಯ ಪೆಟ್ಟಿಗೆಗಳನ್ನು ಬಹುಮಟ್ಟಿಗೆ ಲಿನಕ್ಸ್ ತಾನಾಗಿಯೇ ಗುರುತಿಸುತ್ತದೆ. ನಾವು ಒಂದನ್ನು ಜೊತೆಯಲ್ಲಿ ಒಯ್ದಿದ್ದೆವು.

ಧ್ವನಿಮುದ್ರಣಕ್ಕೆ ಆಡಾಸಿಟಿ ಎಂಬ ತಂತ್ರಾಂಶವು ಗೃಹಸ್ಥರಿಗೆ ಸಾಕು. ಅದು ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿ ೨೦೦೦ದಲ್ಲಿ ಸಾರ್ವಜನಿಕರಿಗೆ ದೊರೆಯಿತು. ಅದರಲ್ಲಿ ಸಾಧನವನ್ನು ಆರಿಸುವಾಗ ಯಂತ್ರಾಂಶದ ಹೆಸರನ್ನು ನೇರವಾಗಿ ಆರಿಸದೆ, ಪೈಪ್‌ವೈರ್ ಅಥವಾ ಪಲ್ಸ್ ಎಂದಿರುವುದನ್ನು ಆರಿಸತಕ್ಕದ್ದು. ಇಲ್ಲವಾದರೆ ಇಬ್ಬರು ಒಂದೇ ರಾಟೆಗೆ ಕೈಹಾಕಿದಂತಾಗಿ, ಸಾಧನವು ತೆರೆಯಲಿಲ್ಲವೆಂಬ ದೂರು ಬರುತ್ತದೆ. ಸೆಕೆಂಡಿಗೆ ೪೮,೦೦೦ ಮಾದರಿ, ಒಂದೊಂದಕ್ಕೆ ೨೪ ಬಿಟ್ ಎಂದು ಗೊತ್ತುಮಾಡಿಕೊಂಡರೆ ಒಳ್ಳೆಯದು. ಎರಡು ಕಾಲುವೆಗಳಲ್ಲಿ ಹೀಗೆ ತುಂಬಿದರೆ ನಿಮಿಷಕ್ಕೆ ಸುಮಾರು ೧೭ ಮೆಗಾಬೈಟು, ೬೦ ನಿಮಿಷದ ಕ್ಯಾಸೆಟ್ಟಿಗೆ ಸುಮಾರು ಒಂದು ಗಿಗಾಬೈಟು ಸ್ಥಳ ಬೇಕಾಗುತ್ತದೆ. ಮಾಪಕದ ಶಿಖರವು ಶೂನ್ಯಕ್ಕೆ ೬ ಡೆಸಿಬೆಲ್ ಕೆಳಗೇ ನಿಲ್ಲುವಂತೆ ಮಟ್ಟವನ್ನು ಇಡಬೇಕು. ಕೆಳಮಟ್ಟದ ದನಿಯನ್ನು ಆಮೇಲೆ ಏರಿಸಬಹುದು. ಒಡೆದ ದನಿಯನ್ನು ಕೂಡಿಸಲಾಗದು.

ಇಷ್ಟಾಗುವವರೆಗೂ ಅವ್ವನ ಕ್ಯಾಸೆಟ್ಟನ್ನು ನಾವು ಮುಟ್ಟಲಿಲ್ಲ. ಮೊದಲು ಒಂದು ಬೇಡದ ಕ್ಯಾಸೆಟ್ಟನ್ನು ಹಾಕಿ, ದಾರಿಯುದ್ದಕ್ಕೂ ಪರೀಕ್ಷಿಸಿ, ಟೇಪ್ ಯಂತ್ರದ ತಲೆಯನ್ನು ಐಸೊಪ್ರೊಪೈಲ್ ಮದ್ಯಸಾರದಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆವು. ಅನಂತರ ಆ ಒಂದೇ ಪ್ರತಿಯನ್ನು ಕೈಗೆತ್ತಿಕೊಂಡು ನೋಡಿದರೆ, ಪಟ್ಟಿಯನ್ನು ತಲೆಗೆ ಒತ್ತಿಹಿಡಿಯುವ ಸಣ್ಣ ಮೆತ್ತೆಯು ಅಂಟುಬಿಟ್ಟು ಉದುರಿಹೋಗಿತ್ತು. ಹಾಗೆಯೇ ಹಾಕಿದ್ದರೆ ದನಿ ಮಬ್ಬಾಗುತ್ತಿತ್ತು. ಅವ್ವನ ದನಿಯೇ ಅಳಿಯಿತೆಂದು ಮನೆಯವರು ತಿಳಿಯುತ್ತಿದ್ದರು. ಬೇಡದ ಕ್ಯಾಸೆಟ್ಟಿನ ಐದು ತಿರುಪುಗಳನ್ನು ಬಿಚ್ಚಿ, ಅದರ ಗೂಡಿನೊಳಕ್ಕೆ ಅವ್ವನ ಸುರುಳಿಗಳನ್ನು ವರ್ಗಾಯಿಸಬೇಕಾಯಿತು. ಕ್ಯಾಸೆಟ್ಟಿನ ಪಟ್ಟಿಯು ಸೆಕೆಂಡಿಗೆ ೪.೭೬ ಸೆಂಟಿಮೀಟರು ಓಡುವುದರಿಂದ, ಅರ್ಧ ಗಂಟೆಯ ಹಾಡೆಂದರೆ ಸುಮಾರು ೮೬ ಮೀಟರು ಉದ್ದದ ಪಟ್ಟಿ. ಅಗಲ ನಾಲ್ಕು ಮಿಲಿಮೀಟರಿಗೂ ಕಡಮೆ. ಈ ಕೆಲಸಕ್ಕೆ ನಮ್ಮ ಕೈ ನಡುಗಿತು. ಗೃಹಸ್ಥರು ಅದನ್ನು ಕಂಡು, "ಕೊಡಿ ಸ್ವಾಮಿ, ಬೊಂಬೆಗೆ ಕಣ್ಣು ಬರೆಯುವ ಕೈ ಇದು" ಎಂದು ತಾವೇ ತೆಗೆದುಕೊಂಡು, ಉಸಿರು ಬಿಗಿಹಿಡಿದು, ಒಂದು ಮಡಿಕೆಯೂ ಬೀಳದಂತೆ ಸೇರಿಸಿದರು.

ಗುಂಡಿಯನ್ನು ಒತ್ತಿದೆವು. ಒಂದು ಕ್ಷಣ ಹೊಳೆ ದೂರದಲ್ಲಿ ಹರಿಯುವಂತಹ ಸದ್ದು; ಅನಂತರ ದನಿ ಬಂದಿತು. ಏರುಸ್ವರದಲ್ಲಿ, ಸ್ವಲ್ಪ ಮೂಗಿನಿಂದ, ಪ್ರತಿ ಸೊಲ್ಲಿನ ಕೊನೆಯನ್ನು ಎಳೆದು ಇಳಿಸುವ ದನಿ. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಮೂರನೆಯ ಪದದ ನಡುವೆ ಹಾಡು ಇದ್ದಕ್ಕಿದ್ದಂತೆ ನಿಂತು, ಅದೇ ದನಿ, "ಏ ಮಗಾ, ಒಲೆ ಮೇಲೆ ಹಾಲು ಉಕ್ತದೆ ಕಣೇ, ನೋಡೋಗು" ಎಂದಿತು; ಮತ್ತೆ ಹಾಡು ಮುಂದುವರಿಯಿತು. ಕನಕಪುರದ ಅಕ್ಕನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ಹಾಲನ್ನು ನೋಡಲು ಎದ್ದುಹೋದ ಹುಡುಗಿ ಅವರೇ. ಆ ವಾರವೇ ಅವರ ಮದುವೆಯಾಯಿತು.

ಮುದ್ರಣ ಮುಗಿದ ಮೇಲೆ ಒಂದು ಚರ್ಚೆ ಹುಟ್ಟಿತು. ಆಡಾಸಿಟಿಯಲ್ಲಿ ಟೇಪಿನ ಸದ್ದನ್ನು ಇಳಿಸುವ ಸಾಧನವುಂಟು: ಹಾಡಿಲ್ಲದ ಒಂದೆರಡು ಸೆಕೆಂಡಿನ ಬರಿಯ ಸದ್ದನ್ನು ಮಾದರಿಯಾಗಿ ತೋರಿಸಿದರೆ, ಉಳಿದ ಕಡೆಯೂ ಅಂತಹದನ್ನು ಕಳೆಯುತ್ತದೆ. ಅದನ್ನು ಮಿತವಾಗಿ ಬಳಸತಕ್ಕದ್ದು. ಮಿತಿಮೀರಿದರೆ ಹಾಡುವವರ ಉಸಿರೂ ಕಳೆದುಹೋಗಿ, ನೀರಿನೊಳಗಿಂದ ಮಾತಾಡಿದಂತೆ ಕೇಳುತ್ತದೆ. ಗೃಹಸ್ಥರು ಹಾಲಿನ ಮಾತನ್ನು ಕತ್ತರಿಸಿಬಿಡೋಣವೆಂದರು. ಬೀಗರ ಮುಂದೆ ಚೆನ್ನಾಗಿರದೆಂದು ಅವರ ಸಂಕೋಚ. ಅಕ್ಕನವರು, "ಪದ ಊರಿನವರಿಗೆಲ್ಲ ಹೇಳಿದ್ದು, ಆ ಮಾತು ನನಗೊಬ್ಬಳಿಗೆ ಹೇಳಿದ್ದು. ಅದನ್ನು ತೆಗೆಯಕೂಡದು" ಎಂದರು. ನಾವು ಎರಡು ಕಡತಗಳನ್ನು ಮಾಡಿದೆವು: ಮುದ್ರಿಸಿದುದನ್ನು ಮುದ್ರಿಸಿದಂತೆಯೇ ಇಟ್ಟ ಮೂಲ ಒಂದು, ಮದುವೆಯ ಮನೆಗೆ ಸಿದ್ಧಪಡಿಸಿದ ಪ್ರತಿ ಒಂದು. ಮೂಲವನ್ನು ಎಂದಿಗೂ ತಿದ್ದಬಾರದೆಂಬುದು ಈ ಕೆಲಸದಲ್ಲಿ ಬಿಡಲಾಗದ ನಿಯಮ. ಆದರೆ ಅಕ್ಕನವರ ಇಷ್ಟದಂತೆ ಹಾಲಿನ ಮಾತು ಎರಡರಲ್ಲಿಯೂ ಉಳಿಯಿತು.

ಅನಂತರ ಕಿರಿಯ ಮಗಳಿಗೆ ಒಂದು ಬಯಕೆ. ಸೋಬಾನೆಯಲ್ಲಿ ಒಬ್ಬರು ಸೊಲ್ಲು ಹೇಳಿದರೆ ಉಳಿದವರು ಅದನ್ನು ಎತ್ತಿಕೊಳ್ಳುವುದು ಸಂಪ್ರದಾಯ. ಅಂದು ಅವ್ವ ಒಬ್ಬರೇ ಹೇಳಿದ್ದರು. ಆ ತೆರಪುಗಳಲ್ಲಿ ತಾನು ದನಿಗೂಡಿಸಬೇಕೆಂದು ಅವಳು ಮೈಕು ಹಿಡಿದಳು. ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ಅವಳ ದನಿ ಅವಳಿಗೇ ತಡವಾಗಿ ಕೇಳಿಸಿ ತಾಳ ತಪ್ಪಿತು. ಇದೇ ಗಣಕದ ವಿಳಂಬ. ಗಣಕವು ದನಿಯನ್ನು ಮಾದರಿಗಳ ಕಂತುಗಳಲ್ಲಿ ಸಾಗಿಸುತ್ತದೆ. ಪೈಪ್‌ವೈರಿನ ಸಾಮಾನ್ಯ ಕಂತು ೧,೦೨೪ ಮಾದರಿ, ಎಂದರೆ ಸುಮಾರು ೨೧ ಮಿಲಿಸೆಕೆಂಡು. ಒಳಬರುವುದಕ್ಕೆ ಒಂದು ಕಂತು, ಹೊರಹೋಗುವುದಕ್ಕೆ ಒಂದು ಕಂತೆಂದರೂ ೪೨ ಆಯಿತು. ಗಾಳಿಯಲ್ಲಿ ದನಿ ಸೆಕೆಂಡಿಗೆ ಸುಮಾರು ೩೪೩ ಮೀಟರು ಸಾಗುವುದರಿಂದ, ತನ್ನ ದನಿಯನ್ನು ತಾನೇ ೪೮ ಅಡಿ ದೂರದಿಂದ ಕೇಳಿದಂತೆ. ಕಂತನ್ನು ೨೫೬ಕ್ಕೆ ಇಳಿಸಿದರೆ ಆ ದೂರವು ೧೨ ಅಡಿಗೆ ಇಳಿಯುತ್ತದೆ. ಹಸೆಯ ಸುತ್ತ ಕುಳಿತವರ ದೂರ ಅಷ್ಟೇ ತಾನೆ!

ಹಾಗಾದರೆ ಇನ್ನೂ ಇಳಿಸಬಾರದೇಕೆ ಎಂದು ಕೇಳಬಹುದು. ನೂಲು ಬಿಚ್ಚುವವರನ್ನೇ ನೋಡಿರಿ: ಒಂದು ಗೂಡು ಮುಗಿಯುವಷ್ಟರಲ್ಲಿ ಇನ್ನೊಂದರ ಎಳೆಯನ್ನು ಕೊಡದಿದ್ದರೆ ನೂಲು ಸಣ್ಣಗಾಗಿ ಕಡಿಯುತ್ತದೆ. ಕಂತು ಚಿಕ್ಕದಾದಷ್ಟೂ ಗಣಕವು ಅವಸರದಲ್ಲಿ ಮುಂದಿನದನ್ನು ಒದಗಿಸಬೇಕು. ತಪ್ಪಿದರೆ ಚಿಟಿಚಿಟಿ ಸದ್ದು ಬರುತ್ತದೆ. ನಾವು ೬೪ಕ್ಕೆ ಇಳಿಸಿ ನೋಡಿದೆವು, ನೂಲು ಕಡಿಯಿತು; ೨೫೬ಕ್ಕೆ ನಿಲ್ಲಿಸಿದೆವು, ನಿಂತಿತು. ಲಿನಕ್ಸಿನ ತಿರುಳನ್ನೇ ಇನ್ನೂ ಕಾಲನಿಷ್ಠವಾಗಿ ಮಾಡುವ ಬಹುವರ್ಷಗಳ ಕೆಲಸವೊಂದು ೨೦೨೪ರಲ್ಲಿ ಮುಖ್ಯ ತಿರುಳಿಗೆ ಸೇರಿದೆ. ಗೃಹಕೃತ್ಯಕ್ಕೆ ಅಷ್ಟು ಬೇಕಾಗುವುದಿಲ್ಲ. ಹಲವು ದನಿಗಳನ್ನು ಬೇರೆ ಬೇರೆ ಸಾಲುಗಳಲ್ಲಿ ಇಟ್ಟು ಜೋಡಿಸುವುದಕ್ಕೆ ಪಾಲ್ ಡೇವಿಸ್ ಅವರದೇ ಆದ ಆರ್ಡೋರ್ ಎಂಬ ತಂತ್ರಾಂಶ ಅನುಕೂಲ. ಇವೆಲ್ಲಕ್ಕಿಂತ ಸುಲಭವಾದ ಉಪಾಯವೊಂದುಂಟು: ಗಣಕದ ಮೂಲಕ ತನ್ನ ದನಿಯನ್ನು ಕೇಳುವುದನ್ನೇ ನಿಲ್ಲಿಸಿ, ಒಂದು ಕಿವಿಯನ್ನು ತೆರೆದಿಟ್ಟುಕೊಂಡು ಹಾಡುವುದು. ಹುಡುಗಿ ಕೊನೆಗೆ ಹಾಗೆಯೇ ಹಾಡಿದಳು. ಅವಳು ಕಂಡಿರದ ಅಜ್ಜಿಯೂ ಅವಳೂ ಒಂದೇ ಪದವನ್ನು ಹೇಳಿದರು.

ಇನ್ನು ಉಳಿಸಿಡುವ ಮಾತು. ಮೂಲವನ್ನು ಫ್ಲ್ಯಾಕ್ ಎಂಬ ಕ್ರಮದಲ್ಲಿ ಇಟ್ಟರೆ ದನಿಯಲ್ಲಿ ಏನೂ ನಷ್ಟವಾಗದೆ ಸ್ಥಳ ಉಳಿಯುತ್ತದೆ. ಪ್ರತಿಗಳು ಮೂರು ಇರಲಿ. ಎರಡು ಬಗೆಯ ಸಾಧನಗಳಲ್ಲಿ ಇರಲಿ. ಒಂದು ಬೇರೆ ಊರಿನಲ್ಲಿರಲಿ. ಈ ಮನೆಯ ಒಂದು ಪ್ರತಿ ಕನಕಪುರಕ್ಕೆ ಹೋಯಿತು, ಒಂದು ಮದುಮಗಳೊಡನೆ ಮಾಗಡಿಗೆ ಹೋಗುವುದು. ಕಡತದ ಜೊತೆಯಲ್ಲಿ ಹಾಡಿದವರ ಹೆಸರು, ಊರು, ವರ್ಷ, ಯಾವ ಸಂದರ್ಭದ ಪದ ಎಂಬುದನ್ನು ಕನ್ನಡದಲ್ಲಿ ಬರೆದಿಡಬೇಕು. ಹೆಸರಿಲ್ಲದ ದನಿ ಮೂರು ತಲೆಗಳಲ್ಲಿ ಅನಾಥವಾಗುತ್ತದೆ. ಹಳೆಯ ಕ್ಯಾಸೆಟ್ಟನ್ನೂ ಎಸೆಯಬಾರದು. ಬಿಸಿಲೂ ತೇವವೂ ತಾಗದಂತೆ ಇಡತಕ್ಕದ್ದು.

ನಾವು ಹೊರಟಾಗ ಸಂಜೆಯಾಗಿತ್ತು. ಅಡಿಗೆಮನೆಯಿಂದ ಯಾರೋ ಹಾಲು ಉಕ್ಕಿತೆಂದು ಕೂಗಿದರು. ಅಕ್ಕನವರು ನಗುತ್ತ ಎದ್ದುಹೋದರು. ವಾಚಕ ಮಹಾಶಯರ ಮನೆಗಳಲ್ಲಿಯೂ ಬೀರುವಿನ ಅಡಿಯಲ್ಲಿ ಇಂತಹ ಕ್ಯಾಸೆಟ್ಟುಗಳು ಇರಬಹುದು. ಟೇಪಿನ ಆಯುಸ್ಸು ನಮ್ಮ ಬಿಡುವಿಗಾಗಿ ಕಾಯುವುದಿಲ್ಲ. ಈ ಭಾನುವಾರವೇ ಹುಡುಕಿ ತೆಗೆಯಿರಿ. ಗಣಕವು ಮೂಕವಾಗಿದ್ದರೆ ಮೊದಲು ಜೋಡಿ ಎಮ್ ಅಕ್ಷರಗಳನ್ನು ನೋಡಿರಿ.